ಬೆಂಗಳೂರಿನ ಬೇಸಿಗೆಯಲ್ಲಿ ಮೌಂಟನ್ ಬೈಕಿಂಗ್: ರೇಸ್, ಕ್ಯಾಂಪ್, ಚಾರಿಟಿ ರೈಡ್ ಮೂರನ್ನೂ ಅರ್ಧಕ್ಕೆ ಬಿಡದೆ ಮುಗಿಸುವ ಕ್ರಮ

ಫೆಬ್ರವರಿ ಕೊನೆಗೆ ಪೋಸ್ಟರ್‌ಗಳು ಬರಲು ಶುರುವಾಗುತ್ತವೆ. ಒಂದು ರೇಸ್, ವಾರಾಂತ್ಯದ ಒಂದು ಕ್ಯಾಂಪ್, ಶಾಲೆಗೋ ಆಸ್ಪತ್ರೆಗೋ ಹಣ ಕೂಡಿಸುವ ಚಾರಿಟಿ ರೈಡ್. ಹುರುಪಿನಲ್ಲಿ ಎಲ್ಲದಕ್ಕೂ ಹೆಸರು ಕೊಡುತ್ತೇವೆ. ಮೇ ಹೊತ್ತಿಗೆ ಒಬ್ಬರಿಗೆ ಮೊಣಕಾಲು ನೋವು, ಇನ್ನೊಬ್ಬರ ಸೈಕಲ್ ಅಂಗಡಿಯಲ್ಲಿ, ಮತ್ತೊಬ್ಬರ ರಜೆ ಖಾಲಿ.

ಬಹಳಷ್ಟು ಸಲ ಎಡವಟ್ಟಾಗುವುದು ಕೆಲಸಗಳ ಕ್ರಮದಲ್ಲೇ. ಮೊದಲು ಹಣ ಕಟ್ಟುತ್ತೇವೆ, ಆಮೇಲೆ ದಿನಾಂಕ ನೋಡುತ್ತೇವೆ, ಕೊನೆಗೆ ಸೈಕಲ್ ಕಡೆ ತಿರುಗುತ್ತೇವೆ. ಇಲ್ಲಿ ಎಲ್ಲವನ್ನೂ ಹೆಚ್ಚುಕಡಿಮೆ ಯಾವುದರ ನಂತರ ಯಾವುದು ಮಾಡಬೇಕೋ ಹಾಗೆ ಬರೆದಿದ್ದೇನೆ. ವಾರಕ್ಕೆ ಎರಡು ಮೂರು ಸಲ ಸೈಕಲ್ ಹೊಡೆಯುವ, ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಸಾಮಾನ್ಯ ಎಂಟಿಬಿ (ಮೌಂಟನ್ ಬೈಕ್) ಇಟ್ಟುಕೊಂಡವರು ಮನಸ್ಸಿನಲ್ಲಿದ್ದಾರೆ.

## ಹಂತ 1: ಹಣ ಕಟ್ಟುವ ಮೊದಲು ಕ್ಯಾಲೆಂಡರ್ ಬರೆಯಿರಿ

ಗೋಡೆಯ ಕ್ಯಾಲೆಂಡರ್ ಆದರೆ ಇನ್ನೂ ಒಳ್ಳೆಯದು. ಮನೆಯವರಿಗೂ ಕಾಣುತ್ತದೆ. ಮಕ್ಕಳ ಪರೀಕ್ಷೆ, ಯುಗಾದಿ, ಊರಿನ ಜಾತ್ರೆ, ಮದುವೆಗಳನ್ನು ಮೊದಲು ತುಂಬಿಸಿ. ಉಳಿದ ಜಾಗದಲ್ಲಿ ಒಂದೇ ಒಂದು ಮುಖ್ಯ ರೇಸ್ ಗುರುತು ಹಾಕಿ. ಒಂದೇ. ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಳ್ಳಬೇಕು.

ಯಾವ ಬಗೆಯ ರೇಸ್ ಅನ್ನೋದು ಮುಖ್ಯ. ಕ್ರಾಸ್ ಕಂಟ್ರಿ ಅಂದರೆ ಚಿಕ್ಕ ಸುತ್ತನ್ನು ಮತ್ತೆ ಮತ್ತೆ ಹೊಡೆಯುವುದು. ಒಂದು, ಒಂದೂವರೆ ಗಂಟೆ ಉಸಿರುಗಟ್ಟುವಂಥ ಓಟ. ಮ್ಯಾರಥಾನ್ ಅಂದರೆ ಗಂಟೆಗಟ್ಟಲೆ, ಒಂದೇ ಹದದಲ್ಲಿ. ಎಂಡ್ಯೂರೋದಲ್ಲಿ ಗಡಿಯಾರ ಓಡುವುದು ಹೆಚ್ಚಾಗಿ ಇಳಿಜಾರಿನಲ್ಲಿ. ಮೊದಲ ಸೀಸನ್ ಆಗಿದ್ದರೆ ಕ್ರಾಸ್ ಕಂಟ್ರಿ ಆರಿಸಿ. ಸುತ್ತು ಚಿಕ್ಕದು, ಏನಾದರೂ ಆದರೆ ಸಹಾಯ ಹತ್ತಿರದಲ್ಲೇ ಇರುತ್ತದೆ.

ಇನ್ನು ಕ್ರಮ. ಚಾರಿಟಿ ರೈಡ್ ಮಾರ್ಚ್‌ನಲ್ಲಿ, ಕ್ಯಾಂಪ್ ಏಪ್ರಿಲ್ ಮೊದಲ ಭಾಗದಲ್ಲಿ, ರೇಸ್ ಮೇ ಆರಂಭದಲ್ಲಿ. ಹಿಮಾಲಯದ ಕಡೆ ಹೋಗುವುದಿದ್ದರೆ ಮೇ ಕೊನೆ ಅಥವಾ ಜೂನ್. ಕ್ಯಾಂಪಿಗೂ ರೇಸಿಗೂ ನಡುವೆ ಕನಿಷ್ಠ ಮೂರು ವಾರ ಇರಲಿ. ಕ್ಯಾಂಪಿನಲ್ಲಿ ಕಲಿತದ್ದು ಮೈಗೆ ಹತ್ತಲು ಅಷ್ಟು ಸಮಯ ಬೇಕು. ಹಿಂದಿನ ವಾರ ಕ್ಯಾಂಪ್ ಮುಗಿಸಿ ಬಂದವರು ರೇಸಿನ ದಿನ ದಣಿದ ಕಾಲಲ್ಲೇ ನಿಂತಿರುತ್ತಾರೆ. ಎರಡು ವಾರಾಂತ್ಯ ಗಟ್ಟಿಯಾಗಿ ಓಡಿಸಿದರೆ ಮೂರನೆಯದು ಹಗುರ ಇರಲಿ.

ಏಪ್ರಿಲ್ ನಡುವಿನಿಂದ ಸಂಜೆ ಗುಡುಗು ಮಳೆ ಶುರುವಾಗುತ್ತದೆ. ಸಂಜೆ ಅಭ್ಯಾಸ ನೆಚ್ಚಿಕೊಂಡವರು ಆ ಮೇಲೆ ಬೆಳಗಿಗೆ ಬದಲಾಯಿಸಿಕೊಳ್ಳಿ.

ಪೋಸ್ಟರ್ ನೋಡುವಾಗ ಎಚ್ಚರದ ಗುರುತುಗಳು: ಮಾರ್ಗದ ನಕ್ಷೆ ಇಲ್ಲ, ಒಟ್ಟು ಏರು ಎಷ್ಟು ಮೀಟರ್ ಅಂತ ಇಲ್ಲ, ಆಂಬುಲೆನ್ಸ್ ಬಗ್ಗೆ ಮಾತಿಲ್ಲ, ಅರಣ್ಯ ಇಲಾಖೆಯ ಅನುಮತಿ ಕೇಳಿದರೆ ಉತ್ತರ ಜಾರಿಕೊಳ್ಳುತ್ತದೆ. ಇವುಗಳಲ್ಲಿ ಎರಡು ಕಂಡರೆ ಹಣ ಕಟ್ಟಬೇಡಿ. ಟೀ ಶರ್ಟ್ ಎಷ್ಟೇ ಚೆನ್ನಾಗಿರಲಿ.

## ಹಂತ 2: ಅಭ್ಯಾಸದ ಜಾಗ ಗೊತ್ತುಮಾಡಿಕೊಳ್ಳಿ

ದಕ್ಷಿಣದವರಿಗೆ ತುರಹಳ್ಳಿ, ಯಲಹಂಕ ಕಡೆಯವರಿಗೆ ಅವಲಹಳ್ಳಿ. ಎರಡೂ ಅರಣ್ಯ ಇಲಾಖೆಯ ಜಾಗ. ಪ್ರವೇಶದ ಸಮಯ, ಎಲ್ಲಿ ಸೈಕಲ್ ಬಿಡುತ್ತಾರೆ ಅನ್ನೋದು ಬದಲಾಗುತ್ತಾ ಇರುತ್ತದೆ. ಹೋಗುವ ಮೊದಲು ವಿಚಾರಿಸಿ, ಗೇಟಿನಲ್ಲಿರುವ ಸಿಬ್ಬಂದಿಯ ಮಾತು ಕೇಳಿ. ಬೇಲಿಯ ಸಂದಿಯಲ್ಲಿ ನುಸುಳುವ ಒಬ್ಬರಿಂದ ಎಲ್ಲರಿಗೂ ಬಾಗಿಲು ಮುಚ್ಚುತ್ತದೆ.

ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಬೇಸಿಗೆಗೆ ನೆಲದ ಮೇಲೇ ಗೂಡು ಕಟ್ಟುವ ಹಕ್ಕಿಗಳಿವೆ. ಮೊಟ್ಟೆ ಮಣ್ಣಿನ ಬಣ್ಣದ್ದೇ, ಕಾಣುವುದೇ ಇಲ್ಲ. ಹುಲ್ಲಿನ ಮೇಲೆ ಹೊಸ ದಾರಿ ಮಾಡಬೇಡಿ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಕಾಡಿನೊಳಗೆ ಅನುಮತಿ ಇಲ್ಲದೆ ಕಾಲಿಡುವುದು ಅಪರಾಧ, ಆನೆಗಳೂ ಇವೆ. ಮ್ಯಾಪಿನಲ್ಲಿ ಗೆರೆ ಕಂಡಿತು ಅಂತ ಅದು ಸೈಕಲ್ ದಾರಿ ಆಗುವುದಿಲ್ಲ. ರಾಮನಗರದ ರಾಮದೇವರ ಬೆಟ್ಟ ರಣಹದ್ದುಗಳ ಧಾಮ, ಅಲ್ಲೂ ಇದೇ ಮಾತು.

ಏರು ಅಭ್ಯಾಸಕ್ಕೆ ನಂದಿ ಬೆಟ್ಟ ಇದ್ದೇ ಇದೆ. ತುದಿ 1,478 ಮೀಟರ್ ಎತ್ತರದಲ್ಲಿದೆ. ನಗರದ ಎತ್ತರ 900 ಮೀಟರಿನ ಆಸುಪಾಸು. ಡಾಂಬರು ರಸ್ತೆಯೇ ಆದರೂ ಒಂದೇ ಸಮನೆ ಏರುವ ರೂಢಿ ಅಲ್ಲಿ ಸಿಗುತ್ತದೆ. ಶನಿವಾರ, ಭಾನುವಾರ ಕಾರುಗಳ ಸಾಲು ಜಾಸ್ತಿ. ಆಗುವುದಾದರೆ ವಾರದ ನಡುವೆ ಹೋಗಿ. ಸಾವನದುರ್ಗ, ಮಂಚನಬೆಲೆ ಸುತ್ತಲಿನ ಹಳ್ಳಿ ದಾರಿಗಳಲ್ಲಿ ಮಣ್ಣು ಮತ್ತು ಡಾಂಬರು ಎರಡೂ ಸಿಗುತ್ತವೆ.

ಮೈಸೂರು ಕಡೆ ಹೊರಟವರಿಗೆ ಒಂದು ಮಾತು: 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಸೈಕಲ್‌ಗೆ ಪ್ರವೇಶ ಇಲ್ಲ. ಸರ್ವಿಸ್ ರಸ್ತೆ ಹಿಡಿಯಿರಿ. ಮೆಟ್ರೋದಲ್ಲಿ ಒಯ್ಯಲು ಬಿಡುವುದು ಮಡಚುವ ಸೈಕಲ್ ಮಾತ್ರ.

## ಹಂತ 3: ಸೈಕಲ್ ಸಿದ್ಧಮಾಡಿ, ರೇಸಿಗೆ ಆರು ವಾರ ಮುಂಚೆ

ಮನೆಯಲ್ಲಿ ಇರಬೇಕಾದವು: 4, 5, 6 ಮಿ.ಮೀ. ಆಲನ್ ಕೀಗಳು, ಟಿ25 ಟಾರ್ಕ್ಸ್ ಕೀ, ಗೇಜ್ ಇರುವ ನಿಲ್ಲಿಸಿ ಹೊಡೆಯುವ ಪಂಪು, ಚೈನ್ ಸವೆತ ಅಳೆಯುವ ಪಟ್ಟಿ, ಟಯರ್ ಲಿವರ್, ಪ್ಯಾಚ್. ದಾರಿಗೆ ಇವುಗಳ ಜೊತೆ ಎರಡು ಟ್ಯೂಬ್, ಕೈಪಂಪು, ಚೈನ್ ಬಿಚ್ಚುವ ಉಪಕರಣ, ಚೈನ್ ಜೋಡಿಸುವ ಕ್ವಿಕ್ ಲಿಂಕ್, ನಾಲ್ಕು ಜಿಪ್ ಟೈ. ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ ಒಂದು ಮಡಚಿಟ್ಟುಕೊಳ್ಳಿ. ಟಯರ್ ಪಕ್ಕ ಹರಿದರೆ ಒಳಗಿಂದ ಒತ್ತುಕೊಟ್ಟು ನಿಧಾನವಾಗಿ ಮನೆ ಸೇರಬಹುದು.

ಟಯರ್. ನಮ್ಮ ಕಡೆ ಅರ್ಧ ಸೀಸನ್ ಹಾಳು ಮಾಡುವುದು ಜಾಲಿ ಮುಳ್ಳು. ಪಂಕ್ಚರ್ ಆದ ತಕ್ಷಣ ಹೊಸ ಟ್ಯೂಬ್ ಹಾಕಿ ಹೊರಟು, ನೂರು ಮೀಟರ್ ಹೋಗುವಷ್ಟರಲ್ಲಿ ಮತ್ತೆ ಗಾಳಿ ಹೋದದ್ದು ಎಷ್ಟು ಜನರಿಗೆ ಗೊತ್ತಿಲ್ಲ? ಮುಳ್ಳು ಹೊರಗೆ ಮುರಿದು, ತುದಿ ಟಯರ್ ಒಳಗೇ ಉಳಿದಿರುತ್ತದೆ. ಬರಿ ಬೆರಳಿಂದ ಹುಡುಕಬೇಡಿ. ಚೂರು ಹತ್ತಿಯನ್ನು ಟಯರ್ ಒಳಮೈ ಮೇಲೆ ಒಂದು ಸುತ್ತು ಎಳೆಯಿರಿ. ಮುಳ್ಳಿನ ತುದಿ ಇದ್ದಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡು ನಿಲ್ಲುತ್ತದೆ. ಅಲ್ಲಿ ಹೊರಗಿಂದ ಒತ್ತಿ, ಒಳಗಿಂದ ಕೀಳಿರಿ. ಆಮೇಲೆ ಟ್ಯೂಬ್.

ಟ್ಯೂಬ್‌ಲೆಸ್ ಮಾಡಿಸಿದ್ದರೆ ಒಳಗಿರುವ, ತೂತು ಮುಚ್ಚುವ ಸೀಲೆಂಟ್ ದ್ರವ ಬಿಸಿಲಿಗೆ ಬೇಗ ಒಣಗುತ್ತದೆ. ಎರಡು ತಿಂಗಳಿಗೊಮ್ಮೆ ಚಕ್ರ ಬಿಚ್ಚಿ ಕಿವಿ ಹತ್ತಿರ ಅಲುಗಾಡಿಸಿ. ದ್ರವ ಕುಲುಕುವ ಸದ್ದು ಕೇಳಬೇಕು. ಕೇಳದಿದ್ದರೆ ತುಂಬಿಸಿ.

ಗಾಳಿ ಎಷ್ಟು? (ಗೇಜಿನಲ್ಲಿ ಕಾಣುವ ಒತ್ತಡದ ಅಳತೆ ಪಿಎಸ್‌ಐ.) 70 ಕೆ.ಜಿ. ತೂಕದವರು, ಎರಡೂಕಾಲು ಇಂಚು ಅಗಲದ ಟಯರ್, ಒಳಗೆ ಟ್ಯೂಬ್ ಇದ್ದರೆ ಮುಂದೆ 28, ಹಿಂದೆ 31 ಪಿಎಸ್‌ಐನಿಂದ ಶುರುಮಾಡಿ. ಟ್ಯೂಬ್‌ಲೆಸ್ ಆದರೆ ನಾಲ್ಕೈದು ಕಡಿಮೆ. ಪೆಟ್ರೋಲ್ ಬಂಕಿನಲ್ಲಿ 50ಕ್ಕೆ ತುಂಬಿಸಿಕೊಂಡು ಬಂದವರು ಗರಸಿನ ಮೇಲೆ ಜಾರುತ್ತಾರೆ. ಬೆಳಗಿನ ತಂಪಿನಲ್ಲೇ ಅಳೆಯಿರಿ, ಬಿಸಿಲಲ್ಲಿ ನಿಂತ ಸೈಕಲ್ಲಿನ ಗೇಜ್ ಜಾಸ್ತಿ ತೋರಿಸುತ್ತದೆ.

ಬ್ರೇಕ್. ಪ್ಯಾಡಿನ ಉಜ್ಜುವ ಪದರ 1 ಮಿ.ಮೀ.ಗಿಂತ ತೆಳ್ಳಗಾಗಿದ್ದರೆ ಬದಲಾಯಿಸಿ. ಹೊಸ ಪ್ಯಾಡ್ ಹಾಕಿದ ಮೇಲೆ ಖಾಲಿ ರಸ್ತೆಯಲ್ಲಿ ಹದಿನೈದು ಇಪ್ಪತ್ತು ಸಲ ವೇಗ ಹಿಡಿದು, ಪೂರ್ತಿ ನಿಲ್ಲಿಸದೆ ನಿಧಾನ ಮಾಡಿ. ಹೀಗೆ ಪಳಗಿಸದಿದ್ದರೆ ರೇಸಿನ ಮೊದಲ ಇಳಿಜಾರಿನಲ್ಲೇ ಕೀರಲು ಸದ್ದು ಬರುತ್ತದೆ, ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಚೈನಿಗೆ ಎಣ್ಣೆ ಸ್ಪ್ರೇ ಮಾಡುವಾಗ ರೋಟರ್ (ಪ್ಯಾಡುಗಳು ಹಿಡಿಯುವ ಲೋಹದ ತಟ್ಟೆ) ಮೇಲೆ ಒಂದು ಹನಿಯೂ ಬೀಳಬಾರದು. ಬ್ರೇಕ್ ಆಯಿಲ್ ಎರಡು ಬಗೆ: ಮಿನರಲ್ ಮತ್ತು ಡಾಟ್. ಲಿವರ್ ಮೇಲೆ ಯಾವುದು ಬರೆದಿದೆಯೋ ಅದೇ. ಒಂದರ ಬದಲು ಇನ್ನೊಂದು ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಹಾಳಾಗುತ್ತವೆ.

ಚೈನ್ ಮತ್ತು ಹ್ಯಾಂಗರ್. ಹಿಂದೆ 11 ಅಥವಾ 12 ಗೇರ್ ಇದ್ದರೆ ಅಳೆಯುವ ಪಟ್ಟಿಯಲ್ಲಿ ಸವೆತ 0.5 ತಲುಪಿದಾಗ, 10ರವರೆಗೆ ಆದರೆ 0.75 ತಲುಪಿದಾಗ ಚೈನ್ ಬದಲಾಯಿಸಿ. ತಡಮಾಡಿದರೆ ಹಲ್ಲಿನ ಚಕ್ರಗಳೂ ಹೋಗುತ್ತವೆ, ಖರ್ಚು ಹಲವು ಪಟ್ಟು. ಕೆಂಪು ಧೂಳಿಗೆ ಡ್ರೈ ಲ್ಯೂಬ್ ಸರಿ. ಹಾಕಿ, ಹತ್ತು ನಿಮಿಷ ಬಿಟ್ಟು, ಹೊರಗಿನದ್ದನ್ನು ಬಟ್ಟೆಯಿಂದ ಪೂರ್ತಿ ಒರೆಸಿ.

ಜನ ನೋಡದೇ ಬಿಡುವ ಭಾಗ ಡಿರೇಲರ್ ಹ್ಯಾಂಗರ್. ಗೇರ್ ಬದಲಾಯಿಸುವಾಗ ಚೈನನ್ನು ಸರಿಸುವ ಡಿರೇಲರ್ ಅನ್ನು ಫ್ರೇಮಿಗೆ ಹಿಡಿದಿಡುವ ಮೆತ್ತನೆ ಅಲ್ಯುಮಿನಿಯಂ ತುಂಡು ಅದು. ಸೈಕಲ್ ಹಿಂದೆ ಕುಕ್ಕರಗಾಲಲ್ಲಿ ಕೂತು ನೋಡಿ. ಡಿರೇಲರಿನ ಎರಡು ಪುಟ್ಟ ಚಕ್ರಗಳು, ಮೇಲಿನ ಹಲ್ಲಿನ ಚಕ್ರ ಮೂರೂ ಒಂದೇ ನೇರಕ್ಕೆ ಇರಬೇಕು. ಕೆಳಭಾಗ ಒಳಕ್ಕೆ ವಾಲಿದ್ದರೆ, ಏರಿನಲ್ಲಿ ಅತಿ ಹಗುರ ಗೇರ್ ಹಾಕಿದಾಗ ಡಿರೇಲರ್ ಹೋಗಿ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿಗೆ ರೇಸ್ ಮುಗಿಯಿತು. ಹ್ಯಾಂಗರ್ ಒಂದೊಂದು ಮಾಡೆಲಿಗೂ ಬೇರೆ ಬೇರೆ, ರೇಸ್ ನಡೆಯುವ ಊರಿನಲ್ಲಿ ಸಿಗುವುದಿಲ್ಲ. ನಿಮ್ಮ ಮಾಡೆಲಿನದ್ದೇ ಇನ್ನೊಂದನ್ನು ಈಗಲೇ ತರಿಸಿ ಕಿಟ್ಟಿನಲ್ಲಿ ಹಾಕಿ.

## ಹಂತ 4: ಮೈಯನ್ನು ಬಿಸಿಲಿಗೆ ಒಗ್ಗಿಸಿ

ಬೆಂಗಳೂರು ತಂಪು ಊರು ಅನ್ನುವ ನಂಬಿಕೆ ಇಲ್ಲಿ ಕೈಕೊಡುತ್ತದೆ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ, 2024ರ ಏಪ್ರಿಲ್‌ನಲ್ಲಿ 38.5 ಡಿಗ್ರಿ ದಾಖಲಾಗಿದೆ. ವಿಜಯಪುರ, ಗದಗ ಕಡೆ ರೇಸ್ ಇದ್ದರೆ ಇನ್ನೂ ಜಾಸ್ತಿ.

ನಾವೆಲ್ಲ ಬೆಳಗಿನ ಐದೂವರೆಗೆ ಹೊರಟು ಎಂಟಕ್ಕೆ ಮನೆ ಸೇರುವವರು, ಅಲ್ವಾ? ರೇಸ್ ಮಾತ್ರ ಮುಗಿಯುವಾಗ ಹತ್ತೂವರೆ ಆಗಿರಬಹುದು. ಕೊನೆಯ ಸುತ್ತಿನ ಬಿಸಿಲು ಮೈಗೆ ಹೊಸದು. ಕಾಲು ಸೋತಿತು ಅಂತ ನಾವು ಅಂದುಕೊಳ್ಳುವ ಎಷ್ಟೋ ಕಡೆ ಸೋಲಿಸಿರುವುದು ಬಿಸಿಲು. ಮೈ ಬಿಸಿಗೆ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ರೇಸಿಗೆ ಮೂರು ವಾರ ಇರುವಾಗ ಹೊರಡುವ ಹೊತ್ತನ್ನು ಸ್ವಲ್ಪ ಸ್ವಲ್ಪವೇ ಮುಂದೂಡಿ. ಮೊದಲು ಏಳಕ್ಕೆ, ಆಮೇಲೆ ಎಂಟಕ್ಕೆ. ಒಂದು, ಒಂದೂವರೆ ಗಂಟೆ ಸಾಕು, ಹಗುರವಾಗಿ. ಈ ದಿನಗಳಲ್ಲಿ ವೇಗ ನೋಡಬೇಡಿ.

ನೀರಿನ ಲೆಕ್ಕ ಊಹೆ ಮೇಲೆ ಬೇಡ. ಹೊರಡುವ ಮೊದಲು ತೂಕ ನೋಡಿ, ಬಂದ ಮೇಲೆ ಬೆವರು ಒರೆಸಿಕೊಂಡು ಮತ್ತೆ ನೋಡಿ. ಒಂದು ಕೆ.ಜಿ. ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಬಾಕಿ. ದೇಹತೂಕದ ನೂರಕ್ಕೆ ಎರಡಕ್ಕಿಂತ ಜಾಸ್ತಿ ಇಳಿದಿದ್ದರೆ ಮುಂದಿನ ಸಲ ಹೆಚ್ಚು ಕುಡಿಯಬೇಕು. ಬೇಸಿಗೆಯಲ್ಲಿ ಗಂಟೆಗೆ 500ರಿಂದ 750 ಮಿ.ಲೀ. ಸಾಮಾನ್ಯವಾಗಿ ಬೇಕಾಗುತ್ತದೆ. ಒಂದೇ ಸಲ ಗಟಗಟ ಬೇಡ, ಹದಿನೈದು ನಿಮಿಷಕ್ಕೊಮ್ಮೆ ಕೆಲವು ಗುಟುಕು.

ಬರೀ ನೀರು ಸಾಲದು. ಎರಡು ಬಾಟಲಿಯಲ್ಲಿ ಒಂದಕ್ಕೆ ಓಆರ್‌ಎಸ್ ಬೆರೆಸಿ. ಒಂದು ಲೀಟರಿನ ಪ್ಯಾಕೆಟ್ ಅನ್ನು ಪೂರ್ತಿ ಒಂದು ಲೀಟರಿಗೇ ಕಲಸಿ. ಅರ್ಧ ಲೀಟರಿನ ಬಾಟಲಿಗೆ ಇಡೀ ಪ್ಯಾಕೆಟ್ ಸುರಿದರೆ ಹೊಟ್ಟೆ ಕೆಡುತ್ತದೆ. ಓಆರ್‌ಎಸ್ ಹೆಸರಿನ ಹತ್ತಿರಹತ್ತಿರ ಕಾಣುವ ಸಿಹಿ ಪಾನೀಯಗಳೂ 2025ರವರೆಗೆ ಅಂಗಡಿಯಲ್ಲಿ ಸಿಗುತ್ತಿದ್ದವು, ಪ್ಯಾಕೆಟ್ ಓದಿಯೇ ಕೊಳ್ಳಿ.

ಒಂದು ಗಂಟೆ ಮೀರಿದ ರೈಡಿಗೆ ಊಟವೂ ಬೇಕು. ಏಲಕ್ಕಿ ಬಾಳೆ, ಖರ್ಜೂರ, ಕಡಲೆ ಮಿಠಾಯಿ ಇವು ಜೇಬಿನಲ್ಲಿ ಕೂರುತ್ತವೆ, ದುಡ್ಡೂ ಕಡಿಮೆ. ಎನರ್ಜಿ ಜೆಲ್ ತಿನ್ನುವವರು ಅಭ್ಯಾಸದಲ್ಲೇ ತಿಂದು ನೋಡಿ. ಮನೆಗೆ ಬಂದ ಮೇಲೆ ಮಜ್ಜಿಗೆಗೆ ಉಪ್ಪು ಹಾಕಿ ಕುಡಿಯಿರಿ, ಅದಕ್ಕಿಂತ ಒಳ್ಳೆಯದು ನನಗೆ ಇನ್ನೂ ಸಿಕ್ಕಿಲ್ಲ.

## ಹಂತ 5: ಗರಸಿನ ಮೇಲೆ ಬ್ರೇಕ್ ಮತ್ತು ತಿರುವು

ಬೇಸಿಗೆಯಲ್ಲಿ ದಾರಿ ಗಟ್ಟಿ ನೆಲ, ಅದರ ಮೇಲೆ ಉರುಳುವ ಸಣ್ಣ ಕಲ್ಲು. ಇಲ್ಲಿ ಬೀಳುವವರು ಹೆಚ್ಚಾಗಿ ತಿರುವಿನ ಮಧ್ಯೆ ಮುಂದಿನ ಬ್ರೇಕ್ ಹಿಡಿದವರು. ವೇಗವನ್ನು ತಿರುವಿನ ಮೊದಲೇ, ಸೈಕಲ್ ನೆಟ್ಟಗಿರುವಾಗಲೇ ಇಳಿಸಿ. ತಿರುವಿನಲ್ಲಿ ಬ್ರೇಕ್ ಬಿಡಿ. ಕಣ್ಣು ತಿರುವು ಮುಗಿಯುವ ಕಡೆ ಇರಲಿ.

ಇಳಿಜಾರಿಗೆ ಮೊದಲು ಸೀಟು ಎರಡು ಮೂರು ಇಂಚು ಇಳಿಸಿ. ಪೆಡಲ್ ಎರಡೂ ಒಂದೇ ಮಟ್ಟದಲ್ಲಿ, ಮೊಣಕೈ ಬಾಗಿ, ಪೃಷ್ಠ ಸೀಟಿನಿಂದ ಮೇಲೆ. ಬ್ರೇಕ್ ಮೇಲೆ ಒಂದೊಂದೇ ಬೆರಳು. ಪೂರ್ತಿ ಹಿಂದಕ್ಕೆ ಜರುಗಿ ಕೂರುವ ಅಭ್ಯಾಸ ಬಹಳ ಜನರಿಗಿದೆ. ಹಾಗೆ ಮಾಡಿದರೆ ಮುಂದಿನ ಚಕ್ರಕ್ಕೆ ಭಾರವೇ ಇರದೆ ಅದು ಜಾರುತ್ತದೆ.

ಒಂದೇ ತಿರುವನ್ನು ಹತ್ತು ಸಲ ಹೊಡೆಯುವುದು, ಹತ್ತು ಕಿಲೋಮೀಟರ್ ಸುಮ್ನೆ ಓಡಿಸುವುದಕ್ಕಿಂತ ಹೆಚ್ಚು ಕಲಿಸುತ್ತದೆ.

## ಹಂತ 6: ಕ್ಯಾಂಪ್ ಆರಿಸುವಾಗ

ಕೇಳಬೇಕಾದ ಮೊದಲ ಪ್ರಶ್ನೆ: ಒಬ್ಬ ತರಬೇತುದಾರರಿಗೆ ಎಷ್ಟು ಜನ? ಎಂಟು ದಾಟಿದರೆ ಕಲಿಕೆ ಕಡಿಮೆ. ಎರಡನೆಯದು: ಮಧ್ಯಾಹ್ನ ಹನ್ನೊಂದರಿಂದ ನಾಲ್ಕರವರೆಗೆ ಏನು ಮಾಡಿಸುತ್ತೀರಿ? ನೆರಳಲ್ಲಿ ರಿಪೇರಿ ಪಾಠ ಅಂದರೆ ಅವರಿಗೆ ಕೆಲಸ ಗೊತ್ತು. ಟ್ರೇಲ್ (ಕಾಡಿನ, ಮಣ್ಣಿನ ದಾರಿ) ಅಂದರೆ ಬೇಡ. ಮೂರನೆಯದು: ಹತ್ತಿರದ ಆಸ್ಪತ್ರೆ ಯಾವುದು, ಪ್ರಥಮ ಚಿಕಿತ್ಸೆ ಕಲಿತವರು ಯಾರು?

ಮಕ್ಕಳನ್ನು ಕಳಿಸುವವರು ಸೈಕಲ್ ಅಳತೆ ನೋಡಿ. ಮುಂದಿನ ವರ್ಷಕ್ಕೂ ಆಗಲಿ ಅಂತ ದೊಡ್ಡ ಸೈಕಲ್ ಕೊಡಿಸುವುದು ಅಂಗಿಗೆ ಸರಿ, ಸೈಕಲ್ಲಿಗೆ ಸಲ್ಲ. ಮಗುವಿನ ಬೆರಳು ಬ್ರೇಕ್ ಲಿವರ್‌ಗೆ ಸಲೀಸಾಗಿ ಎಟುಕಬೇಕು. ಲಿವರ್ ಹತ್ತಿರಕ್ಕೆ ತರಲು ಅಲ್ಲೇ ಒಂದು ಚಿಕ್ಕ ಸ್ಕ್ರೂ ಇರುತ್ತದೆ.

ಕರ್ನಾಟಕ ಸರ್ಕಾರದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಡಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಸಾಹಸ ಶಿಬಿರಗಳ ಬಗ್ಗೆ ಅಲ್ಲಿ ವಿಚಾರಿಸಿ. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಹಿಮಾಚಲದ ಜಲೋರಿ ಕಣಿವೆ ದಾರಿಯಲ್ಲಿ ಮೌಂಟನ್ ಬೈಕಿಂಗ್ ಶಿಬಿರಗಳನ್ನು ನಡೆಸಿದೆ. ಜಲೋರಿ 3,000 ಮೀಟರ್ ದಾಟುತ್ತದೆ. ನಂದಿ ಬೆಟ್ಟದ ಅಭ್ಯಾಸ ಕಾಲಿಗೆ ಬಲ ಕೊಡುತ್ತದೆ, ಆ ಎತ್ತರದ ತೆಳು ಗಾಳಿಗೆ ಸಿದ್ಧಮಾಡುವುದಿಲ್ಲ. 3,000 ಮೀಟರ್ ಮೇಲೆ ರಾತ್ರಿ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ತಲೆನೋವಿನ ಜೊತೆ ವಾಂತಿ ಬಂದರೆ ಮೇಲೆ ಹೋಗಬೇಡಿ. ನಡಿಗೆ ತಡವರಿಸಿದರೆ, ಕೂತಾಗಲೂ ಉಸಿರು ಸಿಗದಿದ್ದರೆ ರಾತ್ರಿಯಾದರೂ ಸರಿ, ತಕ್ಷಣ ಕೆಳಗಿಳಿಸಬೇಕು.

## ಹಂತ 7: ಚಾರಿಟಿ ರೈಡಿನಲ್ಲಿ ಹಣದ ಲೆಕ್ಕ

ಜನ ನಿಮ್ಮ ಮುಖ ನೋಡಿ ದುಡ್ಡು ಕೊಡುತ್ತಾರೆ. ಹಾಗಾಗಿ ಹೆಸರು ಕೊಡುವ ಮೊದಲೇ ಮೂರು ವಿಷಯ ಬರಹದಲ್ಲಿ ಪಡೆಯಿರಿ: ಹಣ ಸೇರುವ ಟ್ರಸ್ಟಿನ ಪೂರ್ತಿ ಹೆಸರು, ಅದರ ಬ್ಯಾಂಕ್ ಖಾತೆ, ಖರ್ಚು ಕಳೆದು ಎಷ್ಟು ಹಣ ಕೆಲಸಕ್ಕೆ ಹೋಗುತ್ತದೆ ಅನ್ನೋದು. ಯಾರೋ ಒಬ್ಬರ ಸ್ವಂತ ಯುಪಿಐ ನಂಬರಿಗೆ ಹಾಕಿ ಅಂದರೆ ಅಲ್ಲೇ ನಿಲ್ಲಿಸಿ.

ಟೀ ಶರ್ಟ್, ತಿಂಡಿ, ಪದಕಕ್ಕೆ ಕಟ್ಟುವ ಶುಲ್ಕ ದಾನ ಅಲ್ಲ. ಕೊಡುವವರಿಗೆ ಇದನ್ನು ಬಿಡಿಸಿ ಹೇಳಿ. ದಾನಕ್ಕೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ರಸೀದಿ ಸಿಗುತ್ತದೆಯೇ ಅಂತ ಕೇಳುವವರು ಇರುತ್ತಾರೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಅದರ ಉಪಯೋಗ, 2,000 ರೂಪಾಯಿ ಮೀರಿದ ನಗದಿಗೆ ವಿನಾಯಿತಿ ಇಲ್ಲ. ರೈಡ್ ಮುಗಿದ ವಾರದೊಳಗೆ ಎಷ್ಟು ಸೇರಿತು, ಎಲ್ಲಿಗೆ ಹೋಯಿತು ಅಂತ ಎಲ್ಲರಿಗೂ ತಿಳಿಸಿ. ಹಾಗೆ ತಿಳಿಸಿದವರಿಗೆ ಮುಂದಿನ ವರ್ಷ ಕೇಳುವುದು ಸುಲಭ.

ರೈಡಿನಲ್ಲಿ ಪೈಪೋಟಿ ಬೇಡ. ಸ್ಕೂಲ್ ಮಕ್ಕಳು, ವರ್ಷಗಳ ನಂತರ ಸೈಕಲ್ ಹತ್ತಿದ ಹಿರಿಯರು ಇರುತ್ತಾರೆ. ಎಂಟಿಬಿ ಓಡಿಸುವವರು ಹಿಂದಿನ ಸಾಲಿನಲ್ಲಿ ಪಂಪು, ಟ್ಯೂಬ್ ಹಿಡಿದು ಬಂದರೆ ದೊಡ್ಡ ಉಪಕಾರ.

## ಹಂತ 8: ರೇಸ್ ವಾರ ಮತ್ತು ರೇಸ್ ದಿನ

ಈ ವಾರ ಸೈಕಲ್ಲಿಗೆ ಹೊಸ ಭಾಗ ಯಾವುದೂ ಬೇಡ, ಹೊಸ ಶೂ ಬೇಡ, ಹೊಸ ತಿಂಡಿ ಬೇಡ. ಅಭ್ಯಾಸ ಅರ್ಧಕ್ಕೆ ಇಳಿಸಿ.

ಚಕ್ರ ಬಿಚ್ಚಿ ಕಾರಿನಲ್ಲಿ ಒಯ್ಯುವಾಗ ಬ್ರೇಕ್ ಪ್ಯಾಡುಗಳ ನಡುವೆ ಮಡಚಿದ ರಟ್ಟು ಸಿಕ್ಕಿಸಿ. ಯಾರಾದರೂ ಗೊತ್ತಿಲ್ಲದೆ ಲಿವರ್ ಒತ್ತಿದರೆ ಪ್ಯಾಡುಗಳು ಕೂಡಿಕೊಂಡು, ರೇಸ್ ಬೆಳಿಗ್ಗೆ ಚಕ್ರ ಒಳಗೇ ಹೋಗುವುದಿಲ್ಲ. ಹಿಂದಿನ ದಿನ ಮಾರ್ಗವನ್ನು ಒಂದು ಸುತ್ತು ನಿಧಾನವಾಗಿ ನೋಡಿ. ಕಷ್ಟದ ಜಾಗದಲ್ಲಿ ಇಳಿದು ನಡೆದು ನೋಡಿ.

ಇಡ್ಲಿ ಅಥವಾ ಅವಲಕ್ಕಿ, ರೇಸಿಗೆ ಎರಡೂವರೆ ಗಂಟೆ ಮೊದಲು. ಒಂದೂವರೆ ಗಂಟೆ ಮುಂಚೆ ಜಾಗ ಸೇರಿ. ಟಯರ್ ಗಾಳಿ, ಚಕ್ರದ ಆಕ್ಸಲ್, ಹ್ಯಾಂಡಲ್ ಬೋಲ್ಟ್, ಬ್ರೇಕ್, ಈ ಕ್ರಮದಲ್ಲಿ ಮುಟ್ಟಿ ನೋಡಿ. ಮೊದಲ ಹತ್ತು ನಿಮಿಷ ಎಲ್ಲರ ಜೊತೆ ಹಾರಿಹೋಗಬೇಡಿ. ಉಸಿರು ಹಿಡಿತಕ್ಕೆ ಸಿಗುವವರೆಗೆ ಹಿಂದಿರುವುದೇ ಒಳ್ಳೆಯದು.

## ಹಂತ 9: ಯಾವಾಗ ನಿಲ್ಲಿಸಬೇಕು

ಬಿಸಿಲಲ್ಲಿ ಮೈ ನಡುಗಿ ರೋಮ ನಿಮಿರಿದರೆ, ತಲೆ ಸುತ್ತಿದರೆ, ವಾಕರಿಕೆ ಬಂದರೆ ನೆರಳಿಗೆ ಹೋಗಿ. ಆ ದಿನದ ರೈಡ್ ಮುಗಿಯಿತು. ಜೊತೆಗಿರುವವರು ಅಸಂಬದ್ಧ ಮಾತಾಡಿದರೆ, ಹೆಸರು ಕೇಳಿದರೆ ತಡಬಡಿಸಿದರೆ ಅದು ಶಾಖಾಘಾತ ಇರಬಹುದು. ಬೆವರುತ್ತಿದ್ದರೂ ಇರಬಹುದು. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಕಾಯದೆ ಮೈಮೇಲೆ ನೀರು ಸುರಿದು ಗಾಳಿ ಬೀಸಿ. ಪ್ರಜ್ಞೆ ಮಂಕಾಗಿದ್ದರೆ ಬಾಯಿಗೆ ನೀರು ಹಾಕಬೇಡಿ.

ತಲೆಗೆ ಪೆಟ್ಟು ಬಿದ್ದರೆ, ಎದ್ದು ಓಡಾಡಿದರೂ ಸರಿ, ಆ ದಿನ ಮತ್ತೆ ಸೈಕಲ್ ಹತ್ತಬಾರದು. ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು ಕಂಡರೆ ಆಸ್ಪತ್ರೆ. ನೆಲಕ್ಕೆ ಬಡಿದ ಹೆಲ್ಮೆಟ್ ಹೊರಗೆ ಬಿರುಕು ಕಾಣದಿದ್ದರೂ ಬದಲಾಯಿಸಿ.

ಹಾವು ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ. ಕಾಲು ಅಲುಗಾಡದಂತೆ ಇರಿಸಿ, ಪ್ರತಿವಿಷ ಇರುವ ಆಸ್ಪತ್ರೆಗೆ ನೇರ ಹೋಗಿ.

ಮಿಂಚು ಕಂಡು ಗುಡುಗು ಕೇಳುವುದರೊಳಗೆ ಮೂವತ್ತು ಎಣಿಸಲು ಆಗದಿದ್ದರೆ ಸಿಡಿಲು ಹತ್ತಿರದಲ್ಲಿದೆ. ಬಂಡೆಯ ತುದಿ, ಒಂಟಿ ಮರ ಬಿಟ್ಟು ಕಟ್ಟಡ ಅಥವಾ ಕಾರಿನೊಳಗೆ ಸೇರಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಅಲ್ಲೇ ಇರಿ. ದಾಮಿನಿ, ಸಿಡಿಲು ಆ್ಯಪ್‌ಗಳಲ್ಲಿ ಒಂದನ್ನು ಫೋನಿನಲ್ಲಿ ಹಾಕಿಕೊಳ್ಳಿ.

ಮೊಣಕಾಲು ನೋವು ಮೆಟ್ಟಿಲು ಇಳಿಯುವಾಗಲೂ ಕಾಡಿದರೆ, ಎರಡು ಮೂರು ದಿನ ಬಿಟ್ಟರೂ ಹೋಗದಿದ್ದರೆ ಮೊದಲು ಸೀಟಿನ ಎತ್ತರ ನೋಡಿ. ಮೊಣಕಾಲಿನ ಮುಂಭಾಗ ನೋವಿದ್ದರೆ ಸೀಟು ತೀರಾ ತಗ್ಗಿರುವುದು ಒಂದು ಸಾಮಾನ್ಯ ಕಾರಣ. ಐದು ಮಿ.ಮೀ. ಏರಿಸಿ ನೋಡಿ. ವಾರದಲ್ಲಿ ಸರಿಯಾಗದಿದ್ದರೆ ವೈದ್ಯರ ಬಳಿ ಹೋಗಿ, ರೇಸ್ ಬಿಟ್ಟುಬಿಡಿ.

## ಹಂತ 10: ಮೊದಲ ದೊಡ್ಡ ಮಳೆಯ ನಂತರ

ಜೋರು ಮಳೆಯಾದ ಮರುದಿನ ಮಣ್ಣಿನ ಟ್ರೇಲಿಗೆ ಹೋಗಬೇಡಿ. ಒದ್ದೆ ಮಣ್ಣಿನ ಮೇಲೆ ಟಯರ್ ಬಿಡಿಸಿದ ಗೆರೆಯಲ್ಲೇ ನೀರು ಹರಿದು ಕೊರಕಲು ಬೀಳುತ್ತದೆ. ಹೆಬ್ಬೆರಳಿಂದ ನೆಲ ಒತ್ತಿದಾಗ ಗುಳಿ ಬಿದ್ದರೆ ಇನ್ನೊಂದು ದಿನ ಬಿಡಿ.

ಸೈಕಲ್ ತೊಳೆಯುವಾಗ ಪ್ರೆಷರ್ ಗನ್ ಅನ್ನು ಬೇರಿಂಗ್‌ಗಳ ಕಡೆ ಹಿಡಿಯಬೇಡಿ. ಬಕೆಟ್ ನೀರು, ಮೆತ್ತನೆ ಬ್ರಷ್ ಸಾಕು. ಚೈನ್ ಒಣಗಿಸಿ, ಜೂನ್‌ನಿಂದ ಡ್ರೈ ಲ್ಯೂಬ್ ಬದಲು ವೆಟ್ ಲ್ಯೂಬ್ ಹಾಕಿ.